ಮನೆ ಗ್ರೂಪಿಗೆ ಮೆಸೇಜ್ ಬರೆಯುವುದು ಹೇಗೆ, ದನಿ ಕಳೆದುಹೋಗದ ಹಾಗೆ

ಮಾತಾಡುವಾಗ ಒಂದು ‘ಹೂಂ’ ಅಂದರೆ ಸಾಕು, ಎದುರಿಗಿದ್ದವರಿಗೆ ಎಲ್ಲ ಗೊತ್ತಾಗುತ್ತದೆ. ಒಪ್ಪಿಗೆಯ ಹೂಂ ಬೇರೆ, ಬೇಸರದ ಹೂಂ ಬೇರೆ, ‘ಆಮೇಲೆ ನೋಡೋಣ ಬಿಡು’ ಅನ್ನುವ ಹೂಂ ಇನ್ನೂ ಬೇರೆ. ವಾಟ್ಸಾಪ್ ಗ್ರೂಪಿನಲ್ಲಿ, ಫೋನಿನ ಪರದೆ ಮೇಲೆ, ಎಲ್ಲವೂ ಒಂದೇ ಥರ ಕಾಣುತ್ತವೆ. ಅದಕ್ಕೇ ಈಗ ಮನೆಮನೆಯಲ್ಲೂ ಹೊಸ ಥರದ ಮುನಿಸು. ‘ಅಷ್ಟುದ್ದ ಬರೆದು ಹಾಕಿದೆ, ಬರೀ ಓಕೆ ಅಂದಳು.’ ‘ನೀಲಿ ಟಿಕ್ ಬಂದಿದೆ, ಉತ್ತರ ಮಾತ್ರ ಇಲ್ಲ.’ ಯಾರ ಮನಸ್ಸಿನಲ್ಲೂ ಕೆಟ್ಟದ್ದಿರುವುದಿಲ್ಲ, ದನಿ ತಲುಪಿರುವುದಿಲ್ಲ.

ಕನ್ನಡದಲ್ಲಿ ದನಿಯ ಕೆಲಸ ಮಾಡುವ ಸಣ್ಣ ಸಣ್ಣ ಪದಗಳು ಬೇಕಾದಷ್ಟಿವೆ. ಅಕ್ಕ, ರೀ, ಕಣೋ, ಮಾರಾಯ, ಸ್ವಲ್ಪ, ಅಲ್ವಾ. ಮಾತಿನಲ್ಲಿ ಇವು ತಾವಾಗಿಯೇ ಬರುತ್ತವೆ. ಟೈಪ್ ಮಾಡುವಾಗ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇವೇ. ಇವನ್ನು ವಾಪಸ್ ತಂದುಕೊಳ್ಳುವುದೇ ಈ ಬರಹದ ಮುಖ್ಯ ಕೆಲಸ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮೊದಲು ಕೀಬೋರ್ಡ್

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಸುಮ್ನೆ ಬಂದದ್ದಲ್ಲ. ಪ್ರಪಂಚದ ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ. ಒಂದು ಎಸ್ಸೆಮ್ಮೆಸ್‌ಗೆ ಇಂಗ್ಲಿಷ್ ಅಕ್ಷರ 160 ಹಿಡಿಸುತ್ತವೆ, ಕನ್ನಡ ಅಂದರೆ 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಎಣಿಕೆ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ 70ರಲ್ಲಿ 6 ಜಾಗ ತಿಂದುಹಾಕುತ್ತದೆ. ಮೆಸೇಜಿಗಿಷ್ಟು ಅಂತ ಕಾಸು ಕೊಡುತ್ತಿದ್ದ ಕಾಲ ಅದು. ಬಟನ್ ಫೋನುಗಳಲ್ಲಿ ಎಷ್ಟೋ ಸಲ ಕನ್ನಡ ಮೂಡುತ್ತಲೇ ಇರಲಿಲ್ಲ, ಬರೀ ಚೌಕ ಡಬ್ಬಿಗಳು ಕಾಣುತ್ತಿದ್ದವು. ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯದೆ ಪೂರ್ತಿ ಚಾರ್ಜ್ ಬೀಳುತ್ತಿತ್ತು, ಹಾಗಾಗಿ ಯುಗಾದಿ ಶುಭಾಶಯ ಹಿಂದಿನ ದಿನವೇ ಬಂದು ಬೀಳುತ್ತಿತ್ತು. ಹೀಗೆ ಕಲಿತ ಕೈ, ಕಷ್ಟ ಹೋದ ಮೇಲೂ ಅದೇ ದಾರಿಯಲ್ಲಿ ಓಡುತ್ತಿದೆ.

ಈಗ ಆ ಕಷ್ಟ ಒಂದೂ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಜಿಬೋರ್ಡ್, ಅಂದರೆ ಗೂಗಲ್‌ನ ಕೀಬೋರ್ಡ್, ಇದ್ದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳು ಅನ್ನುವ ಕಡೆ ಕೀಬೋರ್ಡ್ ಸೇರಿಸಿ ಅಂತ ಒತ್ತಿ, ಕನ್ನಡ ಆರಿಸಿ. ಅಲ್ಲೇ ಬೇರೆ ಬೇರೆ ಬಗೆ ತೋರಿಸುತ್ತದೆ. ನೇರ ಕನ್ನಡ ಅಕ್ಷರದ್ದು ಒಂದು, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವುದು ಇನ್ನೊಂದು, ಬೆರಳಲ್ಲಿ ಬರೆಯುವುದು ಮತ್ತೊಂದು. ಇಂಗ್ಲಿಷ್ ಅಕ್ಷರಕ್ಕೆ ಕೈ ಪಳಗಿದವರು ಎರಡನೆಯದನ್ನೇ ಹಾಕಿಕೊಳ್ಳಿ, ಹೊಸದಾಗಿ ಕಲಿಯುವುದು ಏನೂ ಇರುವುದಿಲ್ಲ. ಸ್ಲೇಟಿನ ಮೇಲೆ ಬರೆದು ಬೆಳೆದ ಅಜ್ಜ ಅಜ್ಜಿಗೆ ಬೆರಳಲ್ಲಿ ಬರೆಯುವುದನ್ನು ಹಾಕಿಕೊಡಿ, ಅವರಿಗೆ ಅದು ಸಲೀಸು. ಕನ್ನಡದಿಂದ ಇಂಗ್ಲಿಷಿಗೆ ಹೋಗಲು ಕೆಳಗಿನ ಗೋಳದ ಗುರುತು ಒತ್ತಿದರಾಯಿತು. ಟೈಪ್ ಮಾಡಲು ಬೇಜಾರಾದರೆ ಮೈಕ್ ಒತ್ತಿ ಹೇಳಿ, 2017ರಿಂದ ಕನ್ನಡದಲ್ಲೂ ಅದು ಇದೆ. ಆದರೆ ಹೆಸರು, ಊರು, ದುಡ್ಡಿನ ಲೆಕ್ಕ ಅದಕ್ಕೆ ತಪ್ಪುವುದು ಜಾಸ್ತಿ, ಕಳಿಸುವ ಮೊದಲು ಒಂದು ಸಲ ಓದಿಕೊಳ್ಳಿ.

ಕನ್ನಡ ಅಕ್ಷರವೇ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ಹುಳಿಯೂ ಹುಲಿಯೂ ಒಂದೇ, ಹಾಲೂ ಹಾಳೂ ಒಂದೇ. ಓದುವವರು ಊಹೆ ಮಾಡಿಕೊಂಡು ಓದಬೇಕು. ಹುಡುಗರಿಗೆ ಅದು ಕ್ಷಣದ ಕೆಲಸ, ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟ ಅತ್ತೆಗೆ ಅಲ್ಲ. ನಿಮ್ಮ ಗ್ರೂಪಿನಲ್ಲಿ ಯಾವಾಗಲೂ ಬರೀ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುವವರು ಯಾರು ಅಂತ ಗಮನಿಸಿ. ಎಷ್ಟೋ ಸಲ ಅವರಿಗೆ ಹೇಳುವುದು ಬಹಳ ಇರುತ್ತದೆ, ಎದುರಿಗಿರುವ ಅಕ್ಷರ ಮಾತ್ರ ಅವರದ್ದಲ್ಲ. ಒಂದು ವಾರ ಎಲ್ಲರೂ ಕನ್ನಡದಲ್ಲಿ ಬರೆದು ನೋಡಿ, ಅವರೂ ಬರೆಯಲು ಶುರುಮಾಡುತ್ತಾರೆ.

ಕರೆದು ಮಾತಾಡಿ

ಮೆಸೇಜಿನ ಮೊದಲ ಪದ ಸಂಬಂಧದ ಪದವಾಗಿರಲಿ. ‘ನಾಳೆ ಬರಲ್ಲ’ ಅಂತ ಬರೆದರೆ ಸಿಡುಕಿದ ಹಾಗಿರುತ್ತದೆ. ‘ಅತ್ತೆ, ನಾಳೆ ಬರೋಕಾಗಲ್ಲ, ಪಾಪುಗೆ ಜ್ವರ. ಭಾನುವಾರ ಖಂಡಿತ ಬರ್ತೀವಿ’ ಅಂತ ಬರೆಯಲು ಇನ್ನೊಂದು ಹತ್ತು ಸೆಕೆಂಡ್ ಬೇಕಾಗಬಹುದು. ಇದರಲ್ಲಿ ಮೂರು ವಿಷಯ ಇದೆ ನೋಡಿ. ಯಾರಿಗೆ ಹೇಳುತ್ತಿದ್ದೀರಿ, ಯಾಕೆ ಆಗುವುದಿಲ್ಲ, ಮುಂದೆ ಯಾವಾಗ. ಇಲ್ಲ ಅನ್ನುವ ಮೆಸೇಜಿನಲ್ಲಿ ಈ ಮೂರೂ ಇರಲೇಬೇಕು. ಹೂಂ ಅನ್ನುವ ಮೆಸೇಜಿಗೆ ಅಷ್ಟು ಬೇಡ, ‘ಆಯ್ತು ಚಿಕ್ಕಪ್ಪ’ ಸಾಕು. ಬರೀ ಹೆಬ್ಬೆರಳ ಚಿತ್ರ ಗೆಳೆಯರಿಗೆ, ಆಫೀಸಿಗೆ ನಡೆಯುತ್ತದೆ, ದೊಡ್ಡವರಿಗೆ ಬೇಡ.

ಏನಾದರೂ ಕೇಳುವಾಗ ಕ್ರಿಯಾಪದದ ಕೊನೆ ನೋಡಿಕೊಳ್ಳಿ. ‘ಫೋಟೋ ಕಳಿಸಿ’ ಅನ್ನುವುದು ಬಹುವಚನವೇ, ಆದರೂ ಓದುವಾಗ ಅಪ್ಪಣೆ ಮಾಡಿದಂತೆ. ‘ಮದುವೆ ಫೋಟೋ ಸ್ವಲ್ಪ ಕಳಿಸ್ತೀರಾ?’ ಅಂದರೆ ಕೇಳಿಕೊಂಡ ಹಾಗಾಗುತ್ತದೆ. ಇನ್ನು ನೀನು, ನೀವು. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ನೀನು, ಅತ್ತೆಗೆ ನೀವು. ಎದುರೆದುರು ಇದು ತಾನಾಗಿ ನಡೆಯುತ್ತದೆ, ಗ್ರೂಪಿನಲ್ಲಿ ಇಬ್ಬರೂ ಒಟ್ಟಿಗೇ ಓದುತ್ತಿರುತ್ತಾರೆ. ಒಬ್ಬರಿಗೆ ಹೇಳುವುದಾದರೆ ಅವರ ಮೆಸೇಜನ್ನೇ ಎಳೆದು ಅದಕ್ಕೆ ಉತ್ತರ ಕೊಡಿ, ಎಲ್ಲರಿಗೂ ಹೇಳುವುದಾದರೆ ‘ಎಲ್ಲರೂ’ ಅಂತ ಶುರುಮಾಡಿ.

ನಿಮ್ಮೂರಿನ ಮಾತಿನಲ್ಲೇ ಬರೆಯಿರಿ, ಸಂಕೋಚ ಬೇಡ. ಮೆಸೇಜಿನಿಂದ ನಮ್ಮ ಭಾಷೆಗೆ ಆಗಿರುವ ದೊಡ್ಡ ಉಪಕಾರ ಇದೇ ಅಂತ ನನಗನ್ನಿಸುತ್ತದೆ. ಮೊದಲೆಲ್ಲ ಪೆನ್ನು ಹಿಡಿದರೆ ಪುಸ್ತಕದ ಕನ್ನಡವೇ ಬರಬೇಕಿತ್ತು, ‘ಇಲ್ಲಿ ನಾವೆಲ್ಲ ಕ್ಷೇಮ’ ಅಂತಲೇ ಕಾಗದ ಶುರುವಾಗಬೇಕಿತ್ತು. ಈಗ ಧಾರವಾಡದವರು ‘ಯಾವಾಗ ಬರ್ತೀರಿ, ಲಗೂ ಬರ್ರಿ’ ಅಂತ ಬರೆಯುತ್ತಾರೆ, ಕುಂದಾಪುರದವರು ‘ಎಂತ ಮಾಡ್ತ್ರಿ’ ಅಂತ ಕೇಳುತ್ತಾರೆ. ಓದಿದರೆ ಮನುಷ್ಯನ ಮುಖವೇ ಕಾಣುತ್ತದೆ. ಅಮೆರಿಕದಲ್ಲೋ ದುಬೈಯಲ್ಲೋ ಬೆಳೆಯುತ್ತಿರುವ ಮಕ್ಕಳಿಗೆ ಮನೆಮಾತಿನ ರುಚಿ ಸಿಗುವುದು ಎಷ್ಟೋ ಸಲ ಈ ಗ್ರೂಪಿನಲ್ಲೇ ಅಲ್ವಾ?

ಧ್ವನಿ ಮೆಸೇಜ್ ಕಳಿಸುವವರಿಗೆ ಒಂದೆರಡು ಮಾತು. ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಇದು ನಿಜವಾದ ವರ. ಆದರೆ ನಾಲ್ಕು ನಿಮಿಷ ಮಾತಾಡಿ ನಡುವೆ ಎಲ್ಲೋ ವಿಳಾಸ ಹೇಳಿದರೆ ಹುಡುಕುವವರ ಪಾಡು ಕೇಳಬೇಡಿ. ಒಂದು ಸಲಕ್ಕೆ ಒಂದೇ ವಿಷಯ, ಒಂದು ನಿಮಿಷದೊಳಗೆ. ಟೈಮು, ವಿಳಾಸ, ದುಡ್ಡಿನ ಲೆಕ್ಕ ಕೆಳಗೆ ಬರೆದು ಹಾಕಿ.

ಸಾವಿನ ಸುದ್ದಿ, ಮದುವೆ ಕರೆಯೋಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮನಸ್ಸು ಮುರಿಯುವುದು ಜಾಸ್ತಿ ಈ ಎರಡು ಕಡೆಯೇ.

ಹಿಂದೆ ಟೆಲಿಗ್ರಾಂ ಬಂತು ಅಂದರೆ ಒಡೆಯುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಆ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಈಗ ಅದೇ ಸುದ್ದಿ ಗುಡ್ ಮಾರ್ನಿಂಗ್ ಗುಲಾಬಿ ಹೂವಿಗೂ ಲೋನ್ ಜಾಹೀರಾತಿಗೂ ನಡುವೆ ಬಂದು ಕೂರುತ್ತದೆ. ಹಾಗಾಗಿ ಹತ್ತಿರದವರಿಗೆ ಮೊದಲು ಫೋನ್. ಹೆಣ್ಣುಮಕ್ಕಳು, ಅಣ್ಣತಮ್ಮಂದಿರು, ಬೀಗರು, ಇಷ್ಟು ಜನಕ್ಕೆ ದನಿಯಲ್ಲೇ ಮುಟ್ಟಬೇಕು. ಮನೆಯವರಿಗೆ ಆಗದಿದ್ದರೆ ಪಕ್ಕದ ಮನೆಯವರು ಮಾಡಲಿ, ಮೊದಲೂ ಹಾಗೇ ಆಳು ಕಳಿಸಿ ಹೇಳಿಸುತ್ತಿದ್ದರು. ಆಮೇಲೆ ಗ್ರೂಪಿಗೆ ಹೀಗೆ ಬರೆಯಿರಿ:

‘ತಿಪಟೂರಿನ ನಮ್ಮ ದೊಡ್ಡಪ್ಪ ಇವತ್ತು ಬೆಳಗಿನ ಜಾವ ತೀರಿಕೊಂಡರು. ಮಧ್ಯಾಹ್ನ 3ಕ್ಕೆ ಊರಿನ ತೋಟದಲ್ಲಿ ಮಣ್ಣು. ಹೊರಟವರು ನನಗೆ ಫೋನ್ ಮಾಡಿ, ದೊಡ್ಡಮ್ಮನಿಗೆ ಈಗ ಮಾಡಬೇಡಿ.’

ಕೊನೆಯ ಸಾಲು ಬಹಳ ಮುಖ್ಯ. ಅದಿಲ್ಲದಿದ್ದರೆ ಐವತ್ತು ಜನ ಆ ತಾಯಿಗೇ ಫೋನ್ ಮಾಡಿ ‘ಹೇಗಾಯ್ತು’ ಅಂತ ಕೇಳುತ್ತಾರೆ, ಪ್ರತಿ ಸಲವೂ ಅವರು ಮೊದಲಿಂದ ಹೇಳಬೇಕಾಗುತ್ತದೆ. ಊರಿನ ಹೆಸರು ಹಾಕಿ, ಸಾಧ್ಯವಾದರೆ ಅವರ ಹೆಸರೂ ಹಾಕಿ, ಒಂದು ಗ್ರೂಪಿನಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬರು ದೊಡ್ಡಪ್ಪ.

ಉತ್ತರ ಬರೆಯುವವರು ‘ಓಂ ಶಾಂತಿ’ಯನ್ನು ಮೇಲಿನವರಿಂದ ಕಾಪಿ ಮಾಡಬೇಡಿ. ದೀಪದ ಚಿತ್ರವೂ ಬೇಡ. ಅವರ ಬಗ್ಗೆ ನಿಮಗೆ ನೆನಪಿರುವ ಒಂದೇ ಒಂದು ಸಂಗತಿ ಬರೆಯಿರಿ. ‘ಹೋದ ಜಾತ್ರೆಗೆ ಬಂದಾಗ ತಾವೇ ಎಳನೀರು ಕೊಚ್ಚಿ ಕೊಟ್ಟಿದ್ರು, ಕಣ್ಣಿಗೆ ಕಟ್ಟಿದ ಹಾಗಿದೆ.’ ಇಂಥ ಸಾಲನ್ನು ಮನೆಯವರು ತಿಥಿ ಕಳೆದ ಮೇಲೂ ತೆಗೆದು ಓದುತ್ತಾರೆ. ಅವತ್ತೊಂದು ದಿನ ಗ್ರೂಪಿನಲ್ಲಿ ಹೂವಿನ ಚಿತ್ರ, ಜೋಕು ಬೇಡ. ಗೊತ್ತಿಲ್ಲದೆ ಹಾಕಿದವರಿಗೆ ಅಲ್ಲೇ ಬೈಯಬೇಡಿ, ಫೋನ್ ಮಾಡಿ ವಿಷಯ ಹೇಳಿ.

ಮದುವೆಗೆ ಬರೋಣ. ಕಾರ್ಡನ್ನು ಗ್ರೂಪಿಗೆ ಹಾಕಿ ‘ಎಲ್ಲರೂ ಬನ್ನಿ’ ಅಂದರೆ ಸುದ್ದಿ ತಿಳಿಸಿದ ಹಾಗಾಯಿತು, ಕರೆದ ಹಾಗಾಗಲಿಲ್ಲ. ನಮ್ಮಲ್ಲಿ ಕರೆಯುವುದು ಅಂದರೆ ಹೊಸ್ತಿಲು ದಾಟಿ ಹೋಗಿ, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, ‘ಎರಡು ದಿನ ಮುಂಚೆನೇ ಬಂದುಬಿಡಿ’ ಅನ್ನುವುದು. ಎಲ್ಲರ ಮನೆಗೂ ಹೋಗಲು ಈಗ ಆಗುವುದಿಲ್ಲ, ಸರಿ. ಹಾಗಿದ್ದರೆ ಹೀಗೆ ಮಾಡಿ. ಒಂದೇ ಊರಿನವರ ಮನೆಗೆ ಹೋಗಿ. ದೂರದವರಿಗೆ ಮನೆಯ ಹಿರಿಯರಿಂದ ಫೋನ್ ಮಾಡಿಸಿ, ಹುಡುಗನೋ ಹುಡುಗಿಯೋ ಪಕ್ಕದಲ್ಲಿ ಕೂತು ಎರಡು ಮಾತಾಡಲಿ. ಆಮೇಲೆ ಕಾರ್ಡನ್ನು ಅವರವರ ನಂಬರಿಗೇ ಕಳಿಸಿ, ಹೆಸರು ಕರೆದು ಒಂದು ಸಾಲು ಬರೆಯಿರಿ. ಗ್ರೂಪಿಗೆ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಕಾರ್ಡಿನ ಚಿತ್ರದಲ್ಲಿ ಅಕ್ಷರ ಸಣ್ಣ, ವಯಸ್ಸಾದವರಿಗೆ ಕಾಣುವುದಿಲ್ಲ. ಅದಕ್ಕೆ ತಾರೀಖು, ವಾರ, ಮುಹೂರ್ತ, ಛತ್ರದ ಹೆಸರು, ಯಾವ ಬಸ್ ಸ್ಟಾಪಿನಲ್ಲಿ ಇಳಿಯಬೇಕು ಅನ್ನುವುದನ್ನು ಕೆಳಗೆ ಬರೆದು ಹಾಕಿ. ಲೊಕೇಶನ್ ಕಳಿಸುವ ಮೊದಲು ನೀವೇ ಒತ್ತಿ ನೋಡಿ, ಒಂದೇ ಹೆಸರಿನ ಛತ್ರ ಒಂದೇ ಊರಲ್ಲಿ ಎರಡಿರುವುದು ಉಂಟು.

ಫಾರ್ವರ್ಡ್

ಇದು ಬರೀ ಬೇಜಾರಿನ ವಿಷಯ ಅಲ್ಲ, ಜೀವದ ವಿಷಯ. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್‌ನಲ್ಲಿ ಹರಿದಾಡಿದ ಗಾಳಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಸರಕಾರ 15 ದಿನ ಒಂದು ಸಲಕ್ಕೆ 5ಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದ ಹಾಗೆ ತಡೆಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿತ್ತು. ಅಂಥ ಸಾವುಗಳು ದೇಶದಲ್ಲಿ ಒಂದರ ಹಿಂದೆ ಒಂದು ಆದ ಮೇಲೆ, ಅದೇ ತಿಂಗಳು, ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು.

ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಎಷ್ಟೋ ಕೈ ದಾಟಿ ಬಂದದ್ದು, ಕಳಿಸಿದವರಿಗೂ ಮೂಲ ಗೊತ್ತಿರುವುದಿಲ್ಲ. ಅಂಥದ್ದನ್ನು ಮುಂದೆ ಕಳಿಸಬೇಡಿ. ಫೋಟೋ ಆದರೆ, ಅಂಥದ್ದೇ ಫೋಟೋ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ, ಹಳೇ ಫೋಟೋ ಆಗಿದ್ದರೆ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಕಟ್ಟೆ ಮೇಲೆ ಕೂತು ಸುದ್ದಿ ಹೇಳುವವರು ‘ಹಂಗಂತೆ’ ಅನ್ನುತ್ತಾರೆ, ಕೇಳಿದವರು ‘ಯಾರಂದ್ರು?’ ಅನ್ನುತ್ತಾರೆ. ಫಾರ್ವರ್ಡಿನಲ್ಲಿ ಈ ‘ಅಂತೆ’ ಇರುವುದೇ ಇಲ್ಲ, ಎಲ್ಲವೂ ಕಣ್ಣಾರೆ ಕಂಡ ಹಾಗೆ ಬರುತ್ತದೆ. ಸುದ್ದಿ ಹೇಳಲೇಬೇಕು ಅನ್ನಿಸಿದರೆ ನಿಮ್ಮ ಮಾತಿನಲ್ಲಿ ಬರೆಯಿರಿ: ಯಾರು ಹೇಳಿದ್ದು, ಯಾವಾಗ, ನೀವು ನೋಡಿದ್ದಾ ಕೇಳಿದ್ದಾ.

ದೊಡ್ಡವರು ಸುಳ್ಳು ಸುದ್ದಿ ಹಾಕಿದರೆ ಗ್ರೂಪಿನಲ್ಲೇ ತಿದ್ದಬೇಡಿ, ಎಲ್ಲರ ಮುಂದೆ ತಲೆ ತಗ್ಗಿಸುವ ಹಾಗಾಗುತ್ತದೆ, ಮುಂದಿನ ಸಲ ಹಟಕ್ಕೆ ಬಿದ್ದು ಹಾಕುತ್ತಾರೆ. ಅವರ ನಂಬರಿಗೆ ಬರೆಯಿರಿ: ‘ಮಾವ, ಬೆಳಿಗ್ಗೆ ನೀವು ಹಾಕಿದ ವಿಡಿಯೋ ನಾಲ್ಕು ವರ್ಷ ಹಳೇದು, ಬೇರೆ ರಾಜ್ಯದ್ದು. ನೀವೇ ತೆಗೆದುಬಿಟ್ರೆ ಒಳ್ಳೇದು.’ ತೆಗೆಯುವುದು ಹೇಗೆ ಅಂತ ಗೊತ್ತಿಲ್ಲದೆ ಬಿಟ್ಟಿರುವವರೂ ಇದ್ದಾರೆ, ಅದನ್ನೂ ಹೇಳಿಕೊಡಿ. ಶುಗರ್ ಮಾತ್ರೆ ಬಿಡಿ, ಈ ಕಷಾಯ ಕುಡಿಯಿರಿ ಅನ್ನುವಂಥದ್ದು ಬಂದರೆ ಮಾತ್ರ ಕಾಯಬೇಡಿ. ಗ್ರೂಪಿನಲ್ಲೇ ಮೆತ್ತಗೆ ‘ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬೇಡಿ’ ಅಂತ ಬರೆದು, ಕಳಿಸಿದವರಿಗೆ ಆಮೇಲೆ ಫೋನ್ ಮಾಡಿ.

ಇನ್ನು ಸಣ್ಣಪುಟ್ಟವು. ತಪ್ಪು ಟೈಪ್ ಆದರೆ 15 ನಿಮಿಷದೊಳಗೆ ತಿದ್ದಬಹುದು, ಅಳಿಸುವುದಕ್ಕಿಂತ ಅದೇ ಮೇಲು. ಅಳಿಸಿದರೆ ‘ಅಳಿಸಲಾಗಿದೆ’ ಅನ್ನುವ ಗುರುತು ಉಳಿದು ಹತ್ತು ಜನ ಏನಿತ್ತು ಅಂತ ಕೇಳುತ್ತಾರೆ. ನೀಲಿ ಟಿಕ್ ಬಂದೂ ಉತ್ತರ ಬರದಿದ್ದರೆ ಸಂಜೆವರೆಗೆ ಬಿಡಿ, ಬಸ್ಸಿನಲ್ಲಿ ನಿಂತಿರಬಹುದು, ಒಲೆ ಮುಂದೆ ಇರಬಹುದು. ಮಾತಿಗೆ ಮಾತು ಬೆಳೆಯುತ್ತಿದೆ ಅನ್ನಿಸಿದ ಕೂಡಲೇ ಟೈಪ್ ಮಾಡುವುದು ನಿಲ್ಲಿಸಿ ಫೋನ್ ಮಾಡಿ. ಗ್ರೂಪ್ ಸಾಕಾಗಿ ಬಿಡಬೇಕು ಅನ್ನಿಸಿದರೆ, ಈಗ ಬಿಟ್ಟದ್ದು ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ, ಆದರೂ ಅಡ್ಮಿನ್ ಆಗಿರುವ ಅಕ್ಕನಿಗೋ ಭಾವನಿಗೋ ಮೊದಲು ಒಂದು ಮಾತು ಹೇಳಿ ಬಿಡಿ.