ಕಲ್ನಾರು ಧೂಳಿನಿಂದ ಕಾಯಿಲೆ ಬಂದರೆ ಪರಿಹಾರ ಕೇಳುವುದು ಹೇಗೆ?

ಕೊಡಗಿನ ಮಳೆಗಾಲದಲ್ಲಿ ಯಾರು ಕೆಮ್ಮಿದರೂ ಶೀತ ಅಂದುಕೊಳ್ಳುತ್ತೇವೆ. ಕೆಮ್ಮುವವರು ಹಿಂದೆ ಹೊರಗಿನ ಊರಿನಲ್ಲಿ ಸಿಮೆಂಟ್ ಶೀಟ್ ಕಾರ್ಖಾನೆ, ಬ್ರೇಕ್ ಲೈನಿಂಗ್ ಘಟಕ, ಬಾಯ್ಲರ್ ಅಥವಾ ಹಡಗು ಒಡೆಯುವ ಕೆಲಸ ಮಾಡಿ ಬಂದವರಾದರೆ ಅಷ್ಟಕ್ಕೇ ಬಿಡಬೇಡಿ. ತೋಟದ ಲೈನ್ ಮನೆಗಳಿಗೆ ವರ್ಷಗಟ್ಟಲೆ ಆಸ್ಬೆಸ್ಟಾಸ್ ಶೀಟ್ ಕತ್ತರಿಸಿ, ತೂತು ಕೊರೆದು ಹೊದಿಸಿದವರೂ ಅಷ್ಟೆ. ಇಲ್ಲೆಲ್ಲ ಹಾರುವ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ, ಎಳೆ ಶ್ವಾಸಕೋಶದೊಳಗೆ ಹೋದರೆ ಕಾಯಿಲೆ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷವೂ ಆಗಬಹುದು.

ಜಪಾನ್ 2006ರಲ್ಲಿ ಈ ರೋಗಿಗಳಿಗೆಂದೇ ಪ್ರತ್ಯೇಕ ಕಾನೂನು ಮಾಡಿತು. ನಮ್ಮಲ್ಲಿ ಅಂಥದ್ದಿಲ್ಲ, ಇರಬೇಕಿತ್ತು. ಆದರೂ ದಾರಿಗಳಿವೆ.

ಮೊದಲು ವೈದ್ಯರ ಬಳಿ

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಮೈಸೂರಿಗೋ ಹೋದಾಗ ಮಾಡಿದ ಕೆಲಸವನ್ನು ಬಿಡಿಸಿ ಹೇಳಿ. ಎಲ್ಲಿ, ಎಷ್ಟು ವರ್ಷ, ಎಂಥ ಧೂಳು ಎಂಬುದನ್ನು ಕೇಸ್ ಶೀಟ್‌ನಲ್ಲಿ ಬರೆಯಲು ಕೇಳಿಕೊಳ್ಳಿ. ಈ ಒಂದು ಸಾಲು ಇಲ್ಲದೆ ಎಷ್ಟೋ ಜನರ ಕಾಯಿಲೆ ಕ್ಷಯ, ದಮ್ಮು ಅಥವಾ ಬೀಡಿ ಚಟದ ಲೆಕ್ಕಕ್ಕೆ ಹೋಗಿಬಿಡುತ್ತದೆ. ಎಕ್ಸ್‌ರೇ, ಸಿಟಿ ಸ್ಕ್ಯಾನ್, ಉಸಿರಾಟದ ಪರೀಕ್ಷೆ, ಬಯಾಪ್ಸಿ ಮಾಡಿಸಿದ್ದರೆ ಅದರ ವರದಿ, ಎಲ್ಲದರ ಪ್ರತಿ ಇಟ್ಟುಕೊಳ್ಳಿ. ಆಸ್ಬೆಸ್ಟೋಸಿಸ್ (ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆ), ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ಮೂರೂ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ.

ಕೆಲಸದ ದಾಖಲೆ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್, ಗುರುತಿನ ಚೀಟಿ, ಯಾವುದು ಸಿಕ್ಕರೂ ತೆಗೆದಿಡಿ. ಕಾಗದವೇ ಇಲ್ಲದಿದ್ದರೆ ಜೊತೆಗೆ ದುಡಿದವರ ಹೇಳಿಕೆ ಬೇಕಾಗುತ್ತದೆ.

ಕಾರ್ಖಾನೆಯವರು ‘ಹಳೇ ದಾಖಲೆ ಇಲ್ಲ’ ಎಂದರೆ ಸುಮ್ನೆ ವಾಪಸ್ ಬರಬೇಡಿ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ (ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ವಿರುದ್ಧ ಭಾರತ ಸರ್ಕಾರ) ಸ್ಪಷ್ಟವಾಗಿ ಹೇಳಿದೆ: ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಜಾಸ್ತಿಯೋ ಅಲ್ಲಿವರೆಗೆ ಇಡಬೇಕು. ಈ ತೀರ್ಪನ್ನು ಹೆಸರಿಸಿ ಲಿಖಿತವಾಗಿ ಕೇಳಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ.

ಯಾವ ಬಾಗಿಲು?

ಇಎಸ್‌ಐ ಇದ್ದ ಕಾರ್ಮಿಕರು ಇಎಸ್‌ಐಗೇ ಅರ್ಜಿ ಹಾಕಬೇಕು. ಅವರ ವೈದ್ಯಕೀಯ ಮಂಡಳಿ ಪರೀಕ್ಷಿಸಿ ಅಂಗವೈಕಲ್ಯದ ಪ್ರಮಾಣ ನಿಗದಿ ಮಾಡುತ್ತದೆ, ಅದರ ಮೇಲೆ ತಿಂಗಳ ಹಣ. ಅಲ್ಲಿ ಪಡೆಯುವ ಹಕ್ಕಿರುವವರು ಮಾಲೀಕರಿಂದ ಮತ್ತೆ ಕೇಳಲು ಬರುವುದಿಲ್ಲ.

ಇಎಸ್‌ಐ ಇಲ್ಲದವರಿಗೆ ಮಾಲೀಕರೇ ಕೊಡಬೇಕು. 1923ರ ಪರಿಹಾರ ಕಾಯ್ದೆ 2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಈಗ ಅರ್ಜಿ ಯಾವ ಅಧಿಕಾರಿಗೆ ಎಂದು ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಕಾರ್ಖಾನೆ ಎಲ್ಲೇ ಇರಲಿ, ನೀವು ವಾಸವಿರುವ ಕಡೆಯೇ ಅರ್ಜಿ ಕೊಡಬಹುದು. ಸೋಮವಾರಪೇಟೆಯಲ್ಲಿ ಆಮ್ಲಜನಕ ಹಚ್ಚಿಕೊಂಡು ಮಲಗಿರುವವರು ಮುಂಬೈಗೆ ಅಲೆಯಬೇಕಿಲ್ಲ.

ಸೇನೆಯಲ್ಲಿದ್ದವರಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಅವರು ಅಂಗವೈಕಲ್ಯ ಪಿಂಚಣಿಯ ಬಗ್ಗೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ ಕೇಳಬೇಕು.

ಎಷ್ಟು ಸಿಗುತ್ತದೆ?

ಮಾಲೀಕರು ಕೊಡುವ ಪರಿಹಾರದ ಲೆಕ್ಕ ಇದು. ದುಡಿಯುವ ಶಕ್ತಿ ಪೂರ್ತಿ ಹೋಗಿದ್ದರೆ ತಿಂಗಳ ಸಂಬಳದ ಶೇ 60ನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. ಸಾವಾಗಿದ್ದರೆ ಶೇ 50, ಅದು ಅವಲಂಬಿತರಿಗೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರಲ್ಲಿ 15,000 ರೂಪಾಯಿ ಆಯಿತು. 50 ವರ್ಷಕ್ಕೆ ಅಂಕಿ 153.09. ಅಂದರೆ 15,000ದ ಶೇ 60 ಆದ 9,000 ರೂಪಾಯಿಯನ್ನು ಅದರಿಂದ ಗುಣಿಸಿದರೆ 13,77,810 ರೂಪಾಯಿ. ಭಾಗಶಃ ನಷ್ಟವಾದರೆ ಅದರಲ್ಲಿ ಅಷ್ಟು ಪಾಲು.

ತಡಮಾಡಬೇಡಿ

ಹಳೆಯ ಕಾಯ್ದೆ ಅರ್ಜಿಗೆ ಎರಡು ವರ್ಷ ಕೊಟ್ಟಿತ್ತು. ಕೆಲಸ ಬಿಟ್ಟವರಿಗೂ ಎರಡು ವರ್ಷದೊಳಗೆ ಲಕ್ಷಣ ಕಾಣಬೇಕೆಂದಿತ್ತು. ಮೂವತ್ತು ವರ್ಷ ಅಡಗಿ ಕೂರುವ ರೋಗಕ್ಕೆ ಇದು ಅನ್ಯಾಯ ಅಲ್ವಾ? ಎದುರು ಪಕ್ಷದ ವಕೀಲರು ಹಿಡಿಯುವುದೂ ಇದನ್ನೇ. ಹಾಗಾಗಿ ರೋಗ ಗೊತ್ತಾದ ದಿನಾಂಕದ ದಾಖಲೆ ಕೈಯಲ್ಲಿರಲಿ, ವಿಳಂಬ ಮನ್ನಿಸುವಂತೆ ಅರ್ಜಿಯಲ್ಲೇ ಕೇಳಿ. ಇದನ್ನು ವಕೀಲರಿಂದಲೇ ಬರೆಸುವುದು ಒಳ್ಳೆಯದು. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.