ಎಚ್‌ಪಿ ಬಿಟ್ಟು ಗಾಳಿ ಅಳೆದು ತಂದ ಕಂಪ್ರೆಸರ್

ಕಂಪ್ರೆಸರ್ ಮಾರುವ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: "ಎಷ್ಟು ಎಚ್‌ಪಿ ಬೇಕು ಮಾರಾಯ್ರೆ?" ಅದರ ಹಿಂದೆಯೇ ಎರಡನೆಯದು, "ಟ್ಯಾಂಕು ಎಷ್ಟು ಲೀಟರಿಂದು?" ನಾನು ತಿಳಿದುಕೊಳ್ಳಬೇಕಿದ್ದದ್ದು ಬೇರೆ. ಈ ಯಂತ್ರ ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ? ಎಚ್‌ಪಿ ಎಂದರೆ ಮೋಟಾರಿನ ಬಲದ ಲೆಕ್ಕ, ಲೀಟರ್ ಎಂದರೆ ಡಬ್ಬದ ಗಾತ್ರ. ಮೊಳೆ ಹೊಡೆಯುವುದು, ಪೇಂಟ್ ಹಾರಿಸುವುದು ಇವೆರಡೂ ಅಲ್ಲ, ಗಾಳಿ.

ನನ್ನದು ಉಡುಪಿ ಕಡೆಯ ಒಂದು ಮನೆ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಅರ್ಧ ಜಾಗ ನನ್ನ ಮರಗೆಲಸಕ್ಕೆ. ಮೂಲೆಯಲ್ಲಿ ಬಿಚ್ಚಿಟ್ಟ ಒಂದು ಹಳೇ ಚೇತಕ್ ಸ್ಕೂಟರ್. ಸಣ್ಣ ಕಪಾಟು, ಸ್ಟೂಲು, ಫೋಟೋ ಫ್ರೇಮು ಮಾಡಿ ಪಾಲಿಶ್ ಹೊಡೆಯುವುದು ವಾರಾಂತ್ಯದ ಕೆಲಸ. ವ್ಯಾಪಾರಕ್ಕಲ್ಲ. ಆದ್ದರಿಂದ ಯಂತ್ರ ದಿನವಿಡೀ ಓಡಬೇಕಾಗಿಲ್ಲ, ಆದರೆ ಓಡುವಾಗ ಕೈಕೊಡಬಾರದು.

ಅಂಗಡಿಗೆ ಹೋಗುವ ಮೊದಲು ನನ್ನ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿಯೊಂದರ ಎದುರಿಗೂ ಅದಕ್ಕೆ ಬೇಕಾದ ಗಾಳಿ ಬರೆದೆ. ಅಳತೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂದು. 1 ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಬರೆಯುತ್ತಾ ಹೋದಂತೆ ಕಂಡದ್ದು ಸ್ವಲ್ಪ ತಮಾಷೆಯಾಗಿತ್ತು. ಜೋರಾಗಿ ಸದ್ದು ಮಾಡುವ ನೇಲ್ ಗನ್ನಿಗೆ ಗಾಳಿ ಹೆಚ್ಚು ಬೇಕೇ ಇಲ್ಲ: ಸಣ್ಣ ಮೊಳೆಯಾದರೆ ಒಂದಕ್ಕೆ ಒಂದು ಲೀಟರಿನ ಆಸುಪಾಸು. ಕಾರಿನ ಚಕ್ರಕ್ಕೆ ಕಡಿಮೆಯಾದ ನಾಲ್ಕೈದು ಪಿಎಸ್‌ಐ ತುಂಬಿಸಲು ಹತ್ತು ಹನ್ನೆರಡು ಲೀಟರ್ ಸಾಕು. ಆದರೆ ಧೂಳು ಊದುವ ಬ್ಲೋ ಗನ್ ಇದೆಯಲ್ಲ, ಎಲ್ಲಕ್ಕಿಂತ ಅಗ್ಗದ್ದು, ಅದು ಹೊಟ್ಟೆಬಾಕ. 2 ಮಿಲಿಮೀಟರಿನ ತೂತಿನಿಂದ 6 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 240 ಲೀಟರಿನಷ್ಟು ಗಾಳಿ ಹೊರಗೆ ಹೋಗುತ್ತದೆ, ಅಂದರೆ 8 ಸಿಎಫ್‌ಎಂಗೂ ಮೇಲೆ. ಪುಣ್ಯಕ್ಕೆ ಅದನ್ನು ಒತ್ತುವುದು ಎರಡು ಮೂರು ಸೆಕೆಂಡು.

ನಿಜವಾದ ತಲೆನೋವು ಬಿಡುವಿಲ್ಲದೆ ಗಾಳಿ ಎಳೆಯುವ ಎರಡು ಸಾಮಾನುಗಳದ್ದು. ಒಂದು, ಮೈ ಉಜ್ಜಿ ನಯ ಮಾಡುವ, ಗಾಳಿಯಲ್ಲಿ ತಿರುಗುವ ಸ್ಯಾಂಡರ್. ಅದಕ್ಕೆ 8ರಿಂದ 12 ಸಿಎಫ್‌ಎಂ ಬೇಕು, ಅದೂ ಒಂದೇ ಸಮ. ಇನ್ನೊಂದು ಸ್ಪ್ರೇ ಗನ್. ದೊಡ್ಡ ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್ನುಗಳು 8ರಿಂದ 14 ಸಿಎಫ್‌ಎಂ ಕೇಳುತ್ತವೆ. ಕಡಿಮೆ ಗಾಳಿಯಲ್ಲಿ ಕೆಲಸ ಮಾಡುವ ಎಲ್‌ವಿಎಲ್‌ಪಿ ಗನ್ನಿಗೆ 4 ಸಿಎಫ್‌ಎಂ ಹತ್ತಿರ ಸಾಕು.

ಇಲ್ಲಿಯೇ ನನ್ನ ಆಯ್ಕೆ ಮುಕ್ಕಾಲು ಪಾಲು ಮುಗಿಯಿತು. ಸ್ಯಾಂಡರನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ಸುಮಾರು 300 ವಾಟಿನ ಕರೆಂಟಿನ ಸ್ಯಾಂಡರ್ ಮಾಡುವ ಕೆಲಸಕ್ಕೆ 3-4 ಎಚ್‌ಪಿಯ ಕಂಪ್ರೆಸರ್ ಓಡಿಸುವುದು ಮನೆಯಲ್ಲಿ ಯಾವ ನ್ಯಾಯ? ಕಾರಿನ ಬಾಡಿ ಕೆಲಸದವರಿಗೆ ಅದು ಸರಿ. ಅವರ ಸ್ಯಾಂಡರ್ ಹಗುರ ಇರಬೇಕು, ದಿನವಿಡೀ ಓಡಬೇಕು, ನೀರು ತಾಗಿದರೂ ಶಾಕ್ ಹೊಡೆಯಬಾರದು. ಸ್ಪ್ರೇ ಗನ್ನಿನಲ್ಲೂ ಎಲ್‌ವಿಎಲ್‌ಪಿಯದ್ದೇ ಎಂದು ನಿಶ್ಚಯಿಸಿದೆ. ಕಾರಿನ ಬಾನೆಟ್ಟಿನಷ್ಟು ಅಗಲದ ಮೈಯನ್ನು ಒಂದೇ ಉಸಿರಿಗೆ ಹೊಡೆಯಬೇಕಾದರೆ ಅದು ನಿಧಾನ. ನನ್ನ ಸ್ಟೂಲಿಗೂ ಸ್ಕೂಟರಿನ ಮಡ್‌ಗಾರ್ಡಿಗೂ ಧಾರಾಳ. ಹೀಗೆ ಬೇಕಾದ ಗಾಳಿ 5 ಸಿಎಫ್‌ಎಂ ಆಸುಪಾಸಿಗೆ ಇಳಿಯಿತು, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಆಗುವ ಕೆಲಸವಾಯಿತು.

ಒತ್ತಡದ ವಿಷಯಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನೇಲ್ ಗನ್ನಿಗೆ 5ರಿಂದ 7 ಬಾರ್, ಸ್ಪ್ರೇ ಗನ್ನಿಗೆ 2ರಿಂದ 3 ಬಾರ್. 8 ಬಾರಿನ ಯಂತ್ರ ಸಾಕು. 'ಇದು 10 ಬಾರಿಂದು' ಎಂದು ಹೆಚ್ಚು ಕೇಳಿದರೆ ಕೊಡಬೇಕಾಗಿಲ್ಲ.

ಈಗ ಸ್ಟಿಕ್ಕರಿನ ಮಾತು. ಯಂತ್ರದ ಮೇಲೆ ದೊಡ್ಡದಾಗಿ ಬರೆದಿರುವ ಸಿಎಫ್‌ಎಂ ಸಾಮಾನ್ಯವಾಗಿ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಪಿಸ್ಟನ್ ಒಂದು ನಿಮಿಷದಲ್ಲಿ ಗುಡಿಸಿದ ಜಾಗ. ಅಷ್ಟೂ ಗಾಳಿ ಟ್ಯಾಂಕಿಗೆ ಹೋಗುವುದಿಲ್ಲ. ಹೆಡ್ಡಿನಲ್ಲಿ ಸ್ವಲ್ಪ ಉಳಿಯುತ್ತದೆ, ರಿಂಗಿನ ಪಕ್ಕದಲ್ಲಿ ಸ್ವಲ್ಪ ಸೋರುತ್ತದೆ, ಬಿಸಿಗೆ ಸ್ವಲ್ಪ ಹೋಗುತ್ತದೆ. ಗಾಳಿಯನ್ನು ಒಂದೇ ಹಂತದಲ್ಲಿ ಒತ್ತುವ ಸಣ್ಣ ಸಿಂಗಲ್ ಸ್ಟೇಜ್ ಯಂತ್ರದಲ್ಲಿ ಬರೆದಿದ್ದರ 60-75 ಶೇಕಡಾ ಕೈಗೆ ಬಂದರೆ ಸಮಾಧಾನ. ನಮಗೆ ಬೇಕಾದದ್ದು ಎಫ್‌ಎಡಿ (ಫ್ರೀ ಏರ್ ಡೆಲಿವರಿ, ಅಂದರೆ ನಿಜವಾಗಿ ಕೈಗೆ ಸಿಗುವ ಗಾಳಿ) ಎಂದು ಬರೆದಿರುವ ಸಂಖ್ಯೆ. ಒಳ್ಳೆಯ ಕಂಪನಿಗಳ ಕ್ಯಾಟಲಾಗಿನಲ್ಲಿ ಅದು ಇರುತ್ತದೆ, ಹೆಸರಿಲ್ಲದ ಮಾಲಿನಲ್ಲಿ ಇರುವುದಿಲ್ಲ.

ಇಲ್ಲದಿದ್ದರೂ ಚಿಂತೆಯಿಲ್ಲ, ಅಂಗಡಿಯಲ್ಲೇ ಅಳೆಯಬಹುದು. ಟ್ಯಾಂಕಿನ ಲೀಟರ್ ಗೊತ್ತು, ಗೇಜು ಕಣ್ಣೆದುರಿಗಿದೆ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇದೆ. ಟ್ಯಾಂಕು ತುಂಬಿ ಮೋಟಾರು ನಿಂತ ಮೇಲೆ ಅಡಿಯಲ್ಲಿರುವ ಡ್ರೇನ್ ಕಾಕ್ ತೆರೆದು ಗಾಳಿ ಬಿಡುತ್ತಾ ಹೋಗಬೇಕು. ಮೋಟಾರು ತಾನಾಗಿ ಶುರುವಾದ ಕೂಡಲೇ ಕಾಕ್ ಬಂದ್ ಮಾಡಿ ವಾಚ್ ಒತ್ತಬೇಕು. ಮತ್ತೆ ನಿಂತಾಗ ವಾಚ್ ನಿಲ್ಲಿಸಬೇಕು. ನಾನು ತಂದ 100 ಲೀಟರಿನ ಯಂತ್ರ 6 ಬಾರಿಗೆ ಶುರುವಾಗಿ 8 ಬಾರಿಗೆ ನಿಲ್ಲುವಂಥದ್ದು. 2 ಬಾರ್ ಏರಿತೆಂದರೆ 100 ಲೀಟರಿನ ಟ್ಯಾಂಕಿಗೆ 200 ಲೀಟರ್ ಹೊರಗಿನ ಗಾಳಿ ಸೇರಿತು ಎಂದರ್ಥ. ಅದಕ್ಕೆ ಹಿಡಿದದ್ದು 80 ಸೆಕೆಂಡು. ನಿಮಿಷಕ್ಕೆ 150 ಲೀಟರ್, ಅಂದರೆ 5.3 ಸಿಎಫ್‌ಎಂ. ಸ್ಟಿಕ್ಕರಿನಲ್ಲಿ 8 ಎಂದಿತ್ತು. ತುಂಬುವಾಗ ಗಾಳಿ ಬಿಸಿಯಾಗಿ ಗೇಜು ತುಸು ಹೆಚ್ಚೇ ತೋರಿಸುವುದರಿಂದ ನಿಜ ಇನ್ನೂ ಸ್ವಲ್ಪ ಕಡಿಮೆ ಎಂದೇ ಹಿಡಿದುಕೊಂಡೆ. ನನಗೆ ಬೇಕಾದಷ್ಟು ಇತ್ತು. ಅಂಗಡಿಯವರು ಮೊದಲು ನಕ್ಕರು, ಆಮೇಲೆ ಪಕ್ಕದ ಯಂತ್ರದ್ದೂ ಅಳೆದು ನೋಡೋಣ ಎಂದು ಅವರೇ ಸ್ವಿಚ್ ಹಾಕಿದರು.

ಮೋಟಾರು ನಿಂತ ಕ್ಷಣದಲ್ಲಿ ಪ್ರೆಶರ್ ಸ್ವಿಚ್ಚಿನ ಬಳಿ 'ಉಸ್' ಎಂದು ಸಣ್ಣ ಸದ್ದು ಬರಬೇಕು. ಅದು ಅನ್‌ಲೋಡರ್ ವಾಲ್ವ್, ಹೆಡ್ಡಿಗೂ ಟ್ಯಾಂಕಿಗೂ ನಡುವಿನ ಪೈಪಿನಲ್ಲಿ ಉಳಿದ ಗಾಳಿಯನ್ನು ಬಿಡುವುದು. ಅದು ಕೆಲಸ ಮಾಡದಿದ್ದರೆ ಮುಂದಿನ ಸಲ ಮೋಟಾರು ತುಂಬಿದ ಒತ್ತಡದ ಎದುರು ಏಳಬೇಕಾಗುತ್ತದೆ. ಗುಂಯ್ ಎನ್ನುತ್ತಾ ನಿಂತೇಬಿಡುತ್ತದೆ. ಸದ್ದು ಬರದ ಒಂದು ಯಂತ್ರವನ್ನು ಅಲ್ಲೇ ಬಿಟ್ಟು ಬಂದೆ.

ಎಣ್ಣೆ ಹಾಕುವುದೋ, ಎಣ್ಣೆ ಇಲ್ಲದ್ದೋ ಎಂಬುದಕ್ಕೆ ಸಾಕಷ್ಟು ಯೋಚಿಸಿದೆ. ಈಗ ಎಲ್ಲರೂ ಕೊಳ್ಳುವುದು 24 ಲೀಟರಿನ ಆಯಿಲ್ ಫ್ರೀ 'ಸೈಲೆಂಟ್' ಯಂತ್ರ. 1,400 ಸುತ್ತಿನ ಮೋಟಾರು, ಅದರ ಎರಡೂ ತುದಿಗೆ ಪಿಸ್ಟನ್. ಪಕ್ಕದಲ್ಲಿ ನಿಂತು ಮಾತಾಡಬಹುದು, ಒಬ್ಬರೇ ಎತ್ತಬಹುದು. ನೇಲ್ ಗನ್ನು, ಚಕ್ರದ ಗಾಳಿ, ಸಣ್ಣ ಧೂಳು ಇಷ್ಟೇ ಸಾಕಾದವರಿಗೆ ಅದನ್ನೇ ಹೇಳುತ್ತೇನೆ. ಸ್ಪ್ರೇಗೆ ಅದು ಹಿಡಿಯದು: 24 ಲೀಟರಿನ ಟ್ಯಾಂಕಿನಲ್ಲಿ 8ರಿಂದ 5 ಬಾರಿಗೆ ಇಳಿಯುವಷ್ಟರಲ್ಲಿ ಸಿಗುವುದು 72 ಲೀಟರ್, 4 ಸಿಎಫ್‌ಎಂ ಗನ್ನಿಗೆ ಒಂದು ನಿಮಿಷವೂ ಬರುವುದಿಲ್ಲ. ಇನ್ನೊಂದು ಬಗೆ, ಮೋಟಾರಿಗೇ ನೇರ ಕೂರಿಸಿದ, 2,850 ಸುತ್ತಿನ ಡೈರೆಕ್ಟ್ ಡ್ರೈವ್. ಅಗ್ಗ, ಆದರೆ ಕಿವಿ ಹರಿಯುವ ಸದ್ದು.

ನಾನು ತಂದದ್ದು 2 ಎಚ್‌ಪಿಯ ಬೆಲ್ಟಿನ ಯಂತ್ರ, ಎಣ್ಣೆ ಹಾಕುವಂಥದ್ದು. ಪಂಪು ನಿಧಾನ ತಿರುಗುವುದರಿಂದ ಸದ್ದು ಕೀರಲಲ್ಲ, ಧಡ್ ಧಡ್ ಎನ್ನುತ್ತದೆ. ಭಾರ ಇದೆ, ಜಾಗ ತಿನ್ನುತ್ತದೆ. ಆದರೂ ಅದನ್ನೇ ಆರಿಸಿದ್ದಕ್ಕೆ ದೊಡ್ಡ ಕಾರಣ ರಿಪೇರಿ. ಊರಿನ ಪಂಚರ್ ಅಂಗಡಿಯಲ್ಲೂ ಇರುವುದು ಅದೇ ಜಾತಿ. ರಿಂಗು, ವಾಲ್ವ್ ಪ್ಲೇಟು, ಗ್ಯಾಸ್ಕೆಟ್ಟು, ಬೆಲ್ಟು ಎಲ್ಲವೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ, ಬಿಚ್ಚಿ ಜೋಡಿಸುವವರೂ ಹತ್ತಿರದಲ್ಲೇ ಇದ್ದಾರೆ. ಆಯಿಲ್ ಫ್ರೀ ಯಂತ್ರದ ಪಿಸ್ಟನ್ ಸವೆದರೆ ಬಿಡಿಭಾಗಕ್ಕೆ ಆನ್‌ಲೈನಿನಲ್ಲಿ ಕಾಯುತ್ತಾ ಕೂರಬೇಕು. ಎಣ್ಣೆ ಮಾತ್ರ ಕಂಪ್ರೆಸರಿನದ್ದೇ ಇರಬೇಕು, ನಾನು ವಿಜಿ 100 (ಎಣ್ಣೆಯ ದಪ್ಪದ ಗ್ರೇಡು) ಹಾಕುತ್ತೇನೆ. ಬೈಕಿನ ಎಂಜಿನ್ ಆಯಿಲ್ ಉಳಿದಿದೆ ಎಂದು ಸುರಿಯುವುದು ಬೇಡ. ಅದರಲ್ಲಿರುವ ಡಿಟರ್ಜೆಂಟ್ ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ವಾಲ್ವಿನ ಮೇಲೆ ಕರಿ ಕಟ್ಟುತ್ತದೆ.

ಕರೆಂಟು. 2 ಎಚ್‌ಪಿ ಓಡುವಾಗ ಎಳೆಯುವುದು 9-10 ಆಂಪಿಯರ್, ಏಳುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಸಾಮಾನ್ಯ ಬಿ ಕರ್ವ್ ಎಂಸಿಬಿ (ಕರೆಂಟು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಆ ಏಟಿಗೇ ಬಿದ್ದುಬಿಡಬಹುದು. ನಮ್ಮ ಎಲೆಕ್ಟ್ರಿಷಿಯನ್ ಬೋರ್ಡಿನಿಂದ ಶೆಡ್ಡಿಗೆ ಪ್ರತ್ಯೇಕ 4 ಸ್ಕ್ವೇರ್ ಎಂಎಂ ತಾಮ್ರದ ವಯರ್ ಎಳೆದು, ಆ ಏಟು ತಡೆದುಕೊಳ್ಳುವ ಸಿ ಕರ್ವ್ ಎಂಸಿಬಿ ಹಾಕಿಕೊಟ್ಟರು. ಮೋಟಾರಿನ ಏಳುವ ಬಲ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರಿಗೆ) ತಕ್ಕಂತೆ ಇಳಿಯುತ್ತದೆ. 230ರ ಬದಲು 200 ಸಿಕ್ಕರೆ ಬಲದಲ್ಲಿ ಕಾಲು ಭಾಗವೇ ಖೋತಾ. ಆದ್ದರಿಂದ ಎಲ್ಲರ ಮನೆಯಲ್ಲೂ ಪಂಪು, ಗೀಸರ್ ಓಡುವ ಸಂಜೆ ಹೊತ್ತಿನಲ್ಲಿ ನಾನು ಕಂಪ್ರೆಸರ್ ಮುಟ್ಟುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸಂತೂ ಬೇಡವೇ ಬೇಡ. ದೂರಕ್ಕೆ ಬೇಕಾದರೆ ವಯರ್ ಉದ್ದ ಮಾಡುವ ಬದಲು ಗಾಳಿಯ ಪೈಪ್ ಉದ್ದ ಮಾಡಿ.

ಹಾಗೆಂದು ಪಿವಿಸಿ ಪೈಪ್ ಹಾಕಬೇಡಿ. ನೀರಿಗೆ ಹಾಕಿದ್ದು ಉಳಿದಿದೆ, ಒತ್ತಡ ತಡೆಯುತ್ತದೆ ಎಂದು ಹಲವರು ಹಾಕುತ್ತಾರೆ. ನೀರಿನ ಪೈಪ್ ಒಡೆದರೆ ಸೋರುತ್ತದೆ. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ.

ಕರಾವಳಿಯವರು ಹೆಚ್ಚು ಗಮನ ಕೊಡಬೇಕಾದದ್ದು ನೀರಿಗೆ. ಜಿಟಿಜಿಟಿ ಮಳೆಯ ದಿನ 30 ಡಿಗ್ರಿ ಸೆಖೆ, ಗಾಳಿಯಲ್ಲಿ 80 ಶೇಕಡಾ ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನಾವಿ ಇರುತ್ತದೆ. ಆ ಗಾಳಿಯನ್ನು 8 ಬಾರಿಗೆ ಒತ್ತಿ ಮತ್ತೆ ಅದೇ 30 ಡಿಗ್ರಿಗೆ ತಣಿಸಿದರೆ ಅದು ಹಿಡಿದಿಟ್ಟುಕೊಳ್ಳುವುದು ಮೂರೂವರೆ ಗ್ರಾಮಿನಷ್ಟು ಮಾತ್ರ. ಉಳಿದದ್ದು ನೀರಾಗಿ ಇಳಿಯಲೇಬೇಕು. ನನ್ನ ಯಂತ್ರ ಒಂದು ಗಂಟೆ ಬಿಡದೆ ಓಡಿದರೆ ಒಳಗೆ ಹೋಗುವುದು 9 ಘನ ಮೀಟರ್ ಗಾಳಿ. ಲೆಕ್ಕ ಹಾಕಿದರೆ 180 ಗ್ರಾಮಿಗೂ ಹೆಚ್ಚು ನೀರು. ಅದರಲ್ಲಿ ಕೆಲವು ಹನಿ ಸ್ಪ್ರೇ ಗನ್ನಿನಿಂದ ಹಾರಿ ಎನ್‌ಸಿ ಲ್ಯಾಕರ್ (ಮರಕ್ಕೆ ಹೊಡೆಯುವ ಪಾಲಿಶ್) ಮೇಲೆ ಬಿದ್ದರೂ ಪಾಲಿಶ್ ಹಾಳು.

ಫಿಲ್ಟರನ್ನು ಟ್ಯಾಂಕಿನ ಬಾಯಿಗೇ ಕೂರಿಸುವುದು ರೂಢಿ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ಫಿಲ್ಟರ್ ದಾಟಿ ಹೋಗಿ ಮುಂದೆ ಪೈಪಿನಲ್ಲಿ ತಣಿದು ಹನಿಯಾಗುತ್ತದೆ. ನಾನು ಗೋಡೆಗುಂಟ ಆರೇಳು ಮೀಟರ್ ಜಿಐ ಪೈಪ್ ಎಳೆದು, ತುಸು ಇಳಿಜಾರು ಕೊಟ್ಟು, ತುದಿಯಲ್ಲಿ ಕೆಳಮುಖವಾಗಿ ಒಂದು ತುಂಡು ಪೈಪ್ ಮತ್ತು ಕಾಕ್ ಇಟ್ಟೆ. ಗನ್ನಿಗೆ ಹೋಗುವ ಕವಲು ಪೈಪಿನ ಮೇಲ್ಭಾಗದಿಂದ ಹೊರಟು ಬಾಗಿ ಕೆಳಗೆ ಬರುತ್ತದೆ. ನೀರು ಅಷ್ಟು ಸುಲಭಕ್ಕೆ ಹತ್ತಿ ಬರುವುದಿಲ್ಲ. ವಾಟರ್ ಸೆಪರೇಟರ್, ರೆಗ್ಯುಲೇಟರ್ ಅಲ್ಲಿ, ಕೊನೆಯಲ್ಲಿ. ಕೆಲಸ ಮುಗಿದ ದಿನ ಟ್ಯಾಂಕಿನ ಅಡಿಯ ಕಾಕ್ ತೆರೆದರೆ ಮಳೆಗಾಲದಲ್ಲಿ ಚಹಾ ಬಣ್ಣದ ನೀರು ಬರುತ್ತದೆ. ಆ ಬಣ್ಣ ಟ್ಯಾಂಕಿನ ಒಳಗಿನ ತುಕ್ಕಿನದ್ದು. ಜೋರು ಮಳೆಯ ದಿನ ಲ್ಯಾಕರ್ ಹೊಡೆಯುವುದನ್ನೇ ಬಿಟ್ಟಿದ್ದೇನೆ. ಗನ್ನಿನ ಗಾಳಿ ಒಣಗಿದ್ದರೂ ಶೆಡ್ಡಿನ ಗಾಳಿಯ ತೇವಕ್ಕೇ ಮೇಲ್ಮೈ ಬೆಳ್ಳಗಾಗುತ್ತದೆ.

ಸದ್ದಿನ ಬಗ್ಗೆ ನೆರೆಮನೆಯ ಅಕ್ಕನ ಹತ್ತಿರ ಮೊದಲೇ ಮಾತಾಡಿದ್ದೆ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಅವರು ಹೇಳಿದ್ದು ಮಧ್ಯಾಹ್ನ ಊಟದ ಮೇಲೆ ಮಲಗುವ ಹೊತ್ತಿಗೆ ಬೇಡ ಎಂದಷ್ಟೇ. ಕಾಲಿನಡಿ ದಪ್ಪ ರಬ್ಬರ್ ಇಟ್ಟು, ಅವರ ಗೋಡೆಯಿಂದ ದೂರದ ಮೂಲೆಗೆ ತಳ್ಳಿದ್ದೇನೆ. ಪೆಟ್ಟಿಗೆ ಕಟ್ಟಿ ಮುಚ್ಚಲು ಹೋಗಲಿಲ್ಲ. ಪಂಪಿನ ಚಕ್ರವೇ ಅದರ ಫ್ಯಾನು, ಗೋಡೆಗೂ ಅದಕ್ಕೂ ಒಂದು ಅಡಿಯಾದರೂ ತೆರವು ಬೇಕು.

ಹಳೆಯದನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ಬಂದವರಿದ್ದರು. ಮೋಟಾರು, ಪಂಪು ಹಳೆಯದಾದರೆ ನನಗೆ ಅಡ್ಡಿಯಿಲ್ಲ, ಬಿಚ್ಚಿ ನೋಡಬಹುದು. ಟ್ಯಾಂಕು ಮಾತ್ರ ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ, ಹೊರಗೆ ಹೊಸ ಪೇಂಟ್ ಬಳಿದರೆ ಗೊತ್ತೇ ಆಗುವುದಿಲ್ಲ. ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಿಸಿ ಕೊಡುವುದಾದರೆ ತೆಗೆದುಕೊಳ್ಳುತ್ತೇನೆ ಎಂದೆ. ಅವರು ಒಪ್ಪಲಿಲ್ಲ, ನಾನು ಹೊಸದಕ್ಕೇ ದುಡ್ಡು ಕೊಟ್ಟೆ.