ಸಣ್ಣ ಲಾರಿಯಲ್ಲಿ ಸಂಚಾರಿ ಧ್ವನಿಮುದ್ರಣ ಸ್ಟುಡಿಯೊ: ಕರಾವಳಿಯ ಮಳೆಗೂ ಘಟ್ಟದ ತಿರುವಿಗೂ ತಡೆಯುವಂತೆ ಕಟ್ಟುವುದು ಹೇಗೆ?

ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನಾಗಲಿ, ಯಲ್ಲಾಪುರ ಕಡೆಯ ಸಿದ್ದಿಗಳ ಡಮಾಮಿ ಕುಣಿತವನ್ನಾಗಲಿ, ಹೊನ್ನಾವರದ ತಾಳಮದ್ದಲೆಯನ್ನಾಗಲಿ ಧ್ವನಿಮುದ್ರಿಸಬೇಕಾದಾಗ ವಯಸ್ಸಾದ ಕಲಾವಿದರನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕರೆದೊಯ್ಯುವುದಕ್ಕಿಂತ ಸ್ಟುಡಿಯೊವನ್ನೇ ಅವರ ಅಂಗಳಕ್ಕೆ ಒಯ್ಯುವುದು ಲೇಸು. ಹಾಲಕ್ಕಿ ಹಾಡುಗಳ ಕಣಜವೆನಿಸಿದ್ದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ದಾಖಲೀಕರಣದ ಮಾತು ಹೆಚ್ಚಾಗಿದೆ. ಹಳೆಯ ಪಿಕಪ್ ಕೊಂಡು ಸ್ಟುಡಿಯೊ ಮಾಡುತ್ತೇವೆಂದು ಹೊರಡುವವರೂ ಇದ್ದಾರೆ. ಅವರಲ್ಲಿ ಬಹುಪಾಲು ಜನ ಎಡವುವುದು ಯಂತ್ರಗಳ ಆಯ್ಕೆಯಲ್ಲಿ ಅಲ್ಲ, ಗೋಡೆ ಕಟ್ಟುವಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಗೋಡೆಗೇ ಮೀಸಲು.

ವಾಹನ ಮತ್ತು ಕಾಗದಪತ್ರ

ಲಾರಿಯೊಳಗೆ ಯಾರು ಕೂರುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಮುದ್ರಣಕಾರರು, ಜೊತೆಗೆ ಒಬ್ಬಿಬ್ಬರು ಹಾಡುಗಾರರು: ಇಷ್ಟಕ್ಕೆ ಮಾತ್ರ ಲಾರಿ. ಚೆಂಡೆ, ಮದ್ದಲೆ, ಗುಮಟೆಯಂಥ ವಾದ್ಯಗಳು ಅಂಗಳದಲ್ಲೋ ದೇವಸ್ಥಾನದ ಪೌಳಿಯಲ್ಲೋ ಇರಲಿ, ಅಲ್ಲಿಂದ ಲಾರಿಗೆ ಕೇಬಲ್ ಎಳೆಯಬೇಕು. ಆರು ಅಡಿ ಅಗಲದ ಪೆಟ್ಟಿಗೆಯಲ್ಲಿ ಚೆಂಡೆ ಬಾರಿಸಿದರೆ ಕೇಳುವುದು ಚೆಂಡೆಯಲ್ಲ, ಪೆಟ್ಟಿಗೆ.

ಟಾಟಾ ಏಸ್ ವರ್ಗದ ಪುಟ್ಟ ಗಾಡಿ ಹಲವರಿಗೆ ಆಕರ್ಷಕವಾಗಿ ಕಾಣುತ್ತದೆ. ಅದರ ಹಿಂಬದಿ ಏಳು ಅಡಿ ಚಿಲ್ಲರೆ ಉದ್ದ, ಐದು ಅಡಿಗೂ ಕಡಿಮೆ ಅಗಲವಿದ್ದು, ಹೊರುವ ಭಾರ ಮುಕ್ಕಾಲು ಟನ್ನಿನ ಆಸುಪಾಸಿನದು. ಲೆಕ್ಕ ಹಾಕಿ ನೋಡೋಣ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಆರೂವರೆ ಅಡಿ ಎತ್ತರದ ಮುಚ್ಚಿದ ಬಾಡಿಯ ಒಳಗೆ ಇನ್ನೊಂದು ಪೆಟ್ಟಿಗೆ ಕಟ್ಟಿದರೆ ಅದರ ಗೋಡೆ, ನೆಲ, ಛಾವಣಿ ಎಲ್ಲ ಸೇರಿ ಸುಮಾರು 260 ಚದರ ಅಡಿ, ಅಂದರೆ 24 ಚದರ ಮೀಟರ್ ಆಗುತ್ತದೆ. 12 ಮಿ.ಮೀ. ಪ್ಲೈವುಡ್ ಚದರ ಮೀಟರಿಗೆ ಸುಮಾರು 8 ಕೆ.ಜಿ. ತೂಗುತ್ತದೆ, ಎರಡು ಪದರಕ್ಕೆ 380 ಕೆ.ಜಿ. ಮೀರುತ್ತದೆ. ಚೌಕಟ್ಟು, ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಬ್ಯಾಟರಿ, ಸಲಕರಣೆಗಳನ್ನೂ ಹೊರಗಿನ ಬಾಡಿಯ ತೂಕವನ್ನೂ ಕೂಡಿಸಿದರೆ ಒಂದು ಟನ್ ಸುಲಭವಾಗಿ ದಾಟುತ್ತದೆ. ಹೀಗಾಗಿ ಒಂದೂವರೆ ಟನ್ ಹೊರುವ ಪಿಕಪ್ ಕನಿಷ್ಠ. ಹತ್ತು ಅಡಿ ಬಾಡಿಯ ಟಾಟಾ 407 ಲಾರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಬೇಕು. ದೇವಿಮನೆ ಘಟ್ಟದ ತಿರುವುಗಳಲ್ಲಿ ತೂಕ ಮಿತಿಯೊಳಗಿದ್ದರೆ ಸಾಲದು, ಅದು ಕೆಳಗೂ ಇರಬೇಕಾದ್ದರಿಂದ ಬ್ಯಾಟರಿಗಳನ್ನು ನೆಲಮಟ್ಟದಲ್ಲಿ, ಹಿಂದಿನ ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಕೂರಿಸುವುದು ಒಳ್ಳೆಯದು.

ನೋಂದಣಿ ಪತ್ರದಲ್ಲಿ ನಮೂದಾದ ವಿವರ ಬದಲಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಯಂತ್ರಿಸುತ್ತದೆ. ಬಾಡಿ ಕಟ್ಟಿಸುವ ಮೊದಲೇ ನಕ್ಷೆಯೊಂದಿಗೆ ನಿಮ್ಮ ಸಾರಿಗೆ ಕಚೇರಿಗೆ, ಅಂದರೆ ಕಾರವಾರ, ಶಿರಸಿ ಅಥವಾ ಹೊನ್ನಾವರಕ್ಕೆ ಹೋಗಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಗಾಡಿ ಓಡುವಾಗ ಹಿಂದಿನ ಪೆಟ್ಟಿಗೆಯಲ್ಲಿ ಯಾರನ್ನೂ ಕೂರಿಸಬಾರದು.

ಹೊರಗೋಡೆ

ಬಾಡಿ ಕಟ್ಟುವ ಗ್ಯಾರೇಜಿನವರಿಗೆ ಮುಚ್ಚಿದ ಬಾಡಿ ಹೊಸತೇನಲ್ಲ. ಸತು ಲೇಪಿತ 1.2 ಮಿ.ಮೀ. ಉಕ್ಕಿನ ತಗಡು ಕೇಳಿ, ವೆಲ್ಡಿಂಗ್ ಮಾಡಿದಲ್ಲೆಲ್ಲ ಲೇಪ ಸುಟ್ಟುಹೋಗುವುದರಿಂದ ಅಲ್ಲಿ ಸತುವಿನ ಪ್ರೈಮರ್ ಬಳಿಸಿಕೊಳ್ಳಿ. ಅಲ್ಯುಮಿನಿಯಂ ಹಗುರವೆಂದು ಕೆಲವರು ಸಲಹೆ ಕೊಡುತ್ತಾರೆ. ಸದ್ದು ತಡೆಯುವುದು ತೂಕವಾದ್ದರಿಂದ ಇಲ್ಲಿ ಹಗುರ ಎಂಬುದು ಗುಣವಲ್ಲ, ಜೊತೆಗೆ ಕಡಲ ಉಪ್ಪುಗಾಳಿಯಲ್ಲಿ ಅಲ್ಯುಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿದ ಕಡೆ ಅಲ್ಯುಮಿನಿಯಂ ಬೇಗ ಸವೆಯುತ್ತದೆ. ಹೊರಗೆ ಕಾಣುವ ಸ್ಕ್ರೂ, ಕೀಲು, ಚಿಲಕಗಳು 316 ದರ್ಜೆಯ ಸ್ಟೀಲಿನವಾಗಿರಲಿ. 304 ಘಟ್ಟದ ಮೇಲೆ ನಡೆದೀತು, ಕಾರವಾರದ ಕಡಲಂಚಿನಲ್ಲಿ ಅದೂ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.

ತಗಡಿನ ಒಳಮೈಗೆ ಅದುರು ತಗ್ಗಿಸುವ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಹಾಳೆಗಳನ್ನು ಅಂಟಿಸಬೇಕು. ಪ್ರತಿ ಫಲಕದ ನಡುವಿನ ಅರ್ಧದಷ್ಟು ಜಾಗಕ್ಕೆ ಅಂಟಿಸಿದರೂ ತಗಡು ಗಂಟೆಯಂತೆ ನಾದ ಮಾಡುವುದು ನಿಲ್ಲುತ್ತದೆ. ಅಗ್ಗದ ಡಾಂಬರು ಹಾಳೆ ಏಪ್ರಿಲ್ ಬಿಸಿಲಿಗೆ ಕರಗಿ ಜಾರುವುದಲ್ಲದೆ ಮುಚ್ಚಿದ ಪೆಟ್ಟಿಗೆಯ ತುಂಬ ವಾಸನೆ ಹರಡುತ್ತದೆ. ಅದರಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಒಳಪೆಟ್ಟಿಗೆ: ಎಲ್ಲರೂ ಎಡವುವ ಹಂತ

ತಗಡಿನ ಮೇಲೆ ನೇರವಾಗಿ ಫೋಮ್ ಅಂಟಿಸಿ, ಮೊಟ್ಟೆಯ ಟ್ರೇ ಹೊಡೆದು, ಮೇಲೆ ಬಣ್ಣದ ಬಟ್ಟೆ ಹಾಕಿ ‘ಸೌಂಡ್‌ಪ್ರೂಫ್’ ಎಂದು ಕರೆದ ಗಾಡಿಗಳನ್ನು ನಾನು ನೋಡಿದ್ದೇನೆ. ಫೋಮ್ ಮಾಡುವ ಕೆಲಸ ಕೊಠಡಿಯೊಳಗಿನ ಮಾರ್ದನಿಯನ್ನು ತಗ್ಗಿಸುವುದು. ಹೊರಗಿನ ಬಸ್ಸಿನ ಹಾರ್ನನ್ನು ಅದು ತಡೆಯುವುದಿಲ್ಲ. ಮೊಟ್ಟೆಯ ಟ್ರೇ ಎರಡನ್ನೂ ಸರಿಯಾಗಿ ಮಾಡುವುದಿಲ್ಲ, ಬೆಂಕಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಹೊರಗಿನ ಸದ್ದನ್ನು ತಡೆಯಲು ಬೇಕಾದದ್ದು ತೂಕವಿರುವ ಎರಡು ಗೋಡೆಗಳು, ಅವುಗಳ ನಡುವೆ ಅಂತರ, ಮತ್ತು ಒಂದಿನಿತೂ ಗಾಳಿ ಸೋರದ ಸಂದುಗಳು.

ಒಳಪೆಟ್ಟಿಗೆಯು ಹೊರಪೆಟ್ಟಿಗೆಯನ್ನು ಎಲ್ಲಿಯೂ ಮುಟ್ಟಬಾರದು. ನೆಲದಿಂದ ಆರಂಭಿಸಿ, ಲಾರಿಯ ಹಾಸಿನ ಮೇಲೆ ನಿಯೊಪ್ರೀನ್ ರಬ್ಬರ್ ತುಂಡುಗಳನ್ನಿಟ್ಟು ಅವುಗಳ ಮೇಲೆ ಒಳಚೌಕಟ್ಟನ್ನು ಕೂರಿಸಬೇಕು. ರಬ್ಬರ್ ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ತಪ್ಪು ಎಣಿಕೆ. ಮೇಲಿನ ಭಾರಕ್ಕೆ ಅದು ತನ್ನ ದಪ್ಪದ ಶೇಕಡ 10ರಿಂದ 15ರಷ್ಟು ಕುಗ್ಗಿದರೆ ಮಾತ್ರ ಸ್ಪ್ರಿಂಗಿನಂತೆ ವರ್ತಿಸುತ್ತದೆ; ಇಪ್ಪತ್ತು ತುಂಡು ಇಡಬೇಕಾದಲ್ಲಿ ನೂರು ಇಟ್ಟರೆ ಯಾವುದೂ ಕುಗ್ಗುವುದಿಲ್ಲ, ಇಂಜಿನ್ ಹಾಗೂ ರಸ್ತೆಯ ಅದುರು ನೇರವಾಗಿ ಒಳಕ್ಕೆ ಬರುತ್ತದೆ. ಓಡುವ ಗಾಡಿಯಲ್ಲಿ ತೇಲುವ ಪೆಟ್ಟಿಗೆ ಹೊಯ್ದಾಡದಂತೆ ಹಿಡಿದಿಡುವುದಕ್ಕೆ ನಾಲ್ಕು ಮೂಲೆಗಳಲ್ಲಿ ಮೇಲೆ ಕೆಳಗೆ ಇಂಜಿನ್ ಮೌಂಟಿಂಗ್ ರಬ್ಬರನ್ನೇ ಬಳಸಿ. ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುವ, ಇದೇ ಕೆಲಸಕ್ಕೆಂದೇ ಮಾಡಿದ ವಸ್ತು ಅದು.

ಎರಡು ಗೋಡೆಗಳ ನಡುವಿನ ಅಂತರದಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ಎರಡು ಭಾರದ ಹಲಗೆಗಳು ಮತ್ತು ನಡುವಿನ ಗಾಳಿ ಸೇರಿ ಒಂದು ನಿರ್ದಿಷ್ಟ ಕಂಪನದಲ್ಲಿ ತಾವೇ ಅದುರುತ್ತವೆ. ಆ ಕಂಪನದ ಆಸುಪಾಸಿನಲ್ಲಿ ಜೋಡಿ ಗೋಡೆಯಿಂದ ಲಾಭವಿಲ್ಲ, ಅದರಿಂದ ಸಾಕಷ್ಟು ಮೇಲೆ ಹೋದಾಗಲೇ ಲಾಭ ಶುರು. ಮೇಲೆ ಹೇಳಿದ ತಗಡು ಮತ್ತು ಎರಡು ಪದರ ಪ್ಲೈವುಡ್ ನಡುವೆ 75 ಮಿ.ಮೀ. ಬಿಟ್ಟರೆ ಆ ಕಂಪನ ಸುಮಾರು 90 ಹರ್ಟ್ಸ್‌ನಲ್ಲಿ ಬೀಳುತ್ತದೆ. ಅಂತರವನ್ನು 25 ಮಿ.ಮೀ.ಗೆ ಇಳಿಸಿದರೆ 155 ಹರ್ಟ್ಸ್ ದಾಟುತ್ತದೆ, ಅಂದರೆ ಡೀಸೆಲ್ ಇಂಜಿನ್ನಿನ ಗುಡುಗುಡು ತಡೆಯಿಲ್ಲದೆ ಒಳಗೆ ಬರುತ್ತದೆ. ಕೂರುವ ಜಾಗ ಪ್ರತಿ ಬದಿಗೆ ಎರಡು ಇಂಚು ಕಡಿಮೆಯಾದರೂ ಚಿಂತೆಯಿಲ್ಲ, 75 ಮಿ.ಮೀ.ನಲ್ಲಿ ರಾಜಿ ಬೇಡ. ಆ ಜಾಗದಲ್ಲಿ ಘನಮೀಟರಿಗೆ 48 ಕೆ.ಜಿ. ಸಾಂದ್ರತೆಯ 50 ಮಿ.ಮೀ. ರಾಕ್‌ವೂಲನ್ನು ಸಡಿಲವಾಗಿ ನಿಲ್ಲಿಸಬೇಕು, ಒತ್ತಿ ತುಂಬಬಾರದು. ಕೈಗವಸು, ಮೂಗಿಗೆ ಮಾಸ್ಕ್ ಇಲ್ಲದೆ ಅದನ್ನು ಮುಟ್ಟಬಾರದು.

ಒಳಪೆಟ್ಟಿಗೆಗೆ ಐಎಸ್ 710 ಗುರುತಿರುವ ಮರೈನ್ ಪ್ಲೈವುಡ್ಡನ್ನೇ ಬಳಸಬೇಕು. ಮನೆಗಳಲ್ಲಿ ಬಳಸುವ ಜಿಪ್ಸಂ ಬೋರ್ಡು ಅಗ್ಗವಾದರೂ ಘಟ್ಟದ ಕುಲುಕಿಗೆ ಮೂಲೆಗಳಲ್ಲಿ ಪುಡಿಯಾಗುತ್ತದೆ, ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಮೊದಲ ಪದರದ ಸಂದಿನ ಮೇಲೆ ಎರಡನೆಯ ಪದರದ ಸಂದು ಬರದಂತೆ ಹಲಗೆಗಳನ್ನು ಸರಿಸಿ ಕೂರಿಸಿ, ಪ್ರತಿ ಅಂಚಿಗೂ ಗಟ್ಟಿಯಾಗದ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಒಣಗಿ ಕಲ್ಲಾಗುವ ಅಂಟುಗಳು ಗಾಡಿ ಓಡತೊಡಗಿದ ಮೇಲೆ ಬಿರುಕು ಬಿಡುತ್ತವೆ. ಇಲ್ಲಿ ಬಡಗಿಯ ಮೇಲೊಂದು ಕಣ್ಣಿರಲಿ: ಒಳಹಲಗೆ ಅಲುಗಾಡುತ್ತದೆಂದು ಅವರು ಒಂದು ಉದ್ದನೆಯ ಸ್ಕ್ರೂವನ್ನು ಹೊರಚೌಕಟ್ಟಿನ ತನಕ ಹೊಡೆದುಬಿಟ್ಟರೆ ಆ ಒಂದು ಸ್ಕ್ರೂ ಸೇತುವೆಯಾಗಿ ಎರಡು ಗೋಡೆಗಳೂ ಒಂದಾಗುತ್ತವೆ. ಬೇಕಾದ ಉದ್ದದ ಸ್ಕ್ರೂಗಳನ್ನು ನೀವೇ ಕೊಂಡು ಕೊಟ್ಟು, ಉದ್ದದವುಗಳನ್ನು ಗ್ಯಾರೇಜಿನಲ್ಲಿ ಇಡದಿರುವುದೇ ಉತ್ತಮ ಉಪಾಯ.

ಸೋರಿಕೆಯ ಗಣಿತ ನಿರ್ದಯವಾದುದು. 40 ಡೆಸಿಬೆಲ್ ತಡೆಯುವ ಗೋಡೆಯಲ್ಲಿ ನೂರರಲ್ಲಿ ಒಂದು ಭಾಗದಷ್ಟು ತೆರಪು ಉಳಿದರೆ ಇಡೀ ಗೋಡೆ ತಡೆಯುವುದು 20 ಡೆಸಿಬೆಲ್ ಮಾತ್ರ. ಆದ್ದರಿಂದ ಬಾಗಿಲಿಗೆ ಹೆಚ್ಚು ಹಣ ಹಾಕಿ: ಹೊರಪೆಟ್ಟಿಗೆಗೊಂದು, ಒಳಪೆಟ್ಟಿಗೆಗೊಂದು ಎಂದು ಎರಡು ಬಾಗಿಲು, ಪ್ರತಿಯೊಂದಕ್ಕೂ ಎರಡು ಸಾಲು ಇಪಿಡಿಎಂ ರಬ್ಬರಿನ ಗ್ಯಾಸ್ಕೆಟ್, ಎಳೆದು ಬಿಗಿಯುವ ಚಿಲಕ. ಸ್ಪಂಜಿನ ಅಂಟುಪಟ್ಟಿ ಒಂದೇ ಮಳೆಗಾಲಕ್ಕೆ ಚಪ್ಪಟೆಯಾಗುವುದರಿಂದ ಅದು ಬೇಡ. ಎರಡೂ ಬಾಗಿಲುಗಳು ಒಳಗಿನಿಂದ, ಬೀಗ ಹಾಕಿದ್ದಾಗಲೂ, ಒಂದೇ ಕೈಯಲ್ಲಿ ತೆರೆಯುವಂತಿರಬೇಕು. ಕಿಟಕಿಯನ್ನು ಬಿಟ್ಟುಬಿಡಿ, ಹೊರಗಿನ ಕಲಾವಿದರನ್ನು ನೋಡಲು ಒಂದು ಸಣ್ಣ ಕ್ಯಾಮೆರಾ ಮತ್ತು ಪರದೆ ಸಾಕು. ಕೆಲಸ ಮುಗಿದ ಮೇಲೆ ಕತ್ತಲಾದಾಗ ಒಳಗೆ ಪ್ರಖರ ದೀಪ ಹಚ್ಚಿ, ಹೊರಬಾಗಿಲು ತೆರೆದಿಟ್ಟು ಒಳಬಾಗಿಲನ್ನು ಮಾತ್ರ ಮುಚ್ಚಿ ನೋಡಿ. ಬೆಳಕು ಸೋರುವ ಕಡೆಯಲ್ಲೆಲ್ಲ ಸದ್ದೂ ಸೋರುತ್ತದೆ.

ತೇವ ಮತ್ತು ಮಳೆಯ ಸದ್ದು

ಚಳಿ ದೇಶಗಳಲ್ಲಿ ಬರೆದ ಕೈಪಿಡಿಗಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಒಳಬದಿಗೆ ಹಾಕಲು ಹೇಳುತ್ತವೆ. ನಮ್ಮಲ್ಲಿ ಬೆಚ್ಚನೆಯ ತೇವದ ಗಾಳಿ ಇರುವುದು ಹೊರಗೆ, ತಂಪು ಇರುವುದು ಎ.ಸಿ. ಹಾಕಿದ ಒಳಪೆಟ್ಟಿಗೆಯಲ್ಲಿ, ಆದ್ದರಿಂದ ತೇವವನ್ನು ಹೊರತಗಡಿನಲ್ಲೇ ತಡೆಯಬೇಕು. ಅದರ ಸಂದುಗಳನ್ನು ಚೆನ್ನಾಗಿ ಮುಚ್ಚಿ, ಒಳಬದಿಗೆ ಪ್ಲಾಸ್ಟಿಕ್ ಹಾಕದೆ, ಹೇಗಾದರೂ ನುಸುಳಿದ ನೀರು ಇಳಿದುಹೋಗಲು ಹೊರಪೆಟ್ಟಿಗೆಯ ಕೆಳಮೂಲೆಗಳಲ್ಲಿ 6 ಮಿ.ಮೀ. ರಂಧ್ರಗಳನ್ನು ಬಿಡಬೇಕು.

ಜೂನ್‌ನಿಂದ ಸೆಪ್ಟೆಂಬರ್ ತನಕ ಛಾವಣಿಯ ಮೇಲೆ ಬೀಳುವ ಹನಿಯೇ ದೊಡ್ಡ ಶತ್ರು. ಛಾವಣಿಯಿಂದ ಅರ್ಧ ಅಡಿ ಮೇಲೆ ಕಳಚಬಹುದಾದ ಚೌಕಟ್ಟಿನಲ್ಲಿ ದಪ್ಪ ತಾಡಪಾಲು ಬಿಗಿದರೆ ಹನಿಗಳ ಪೆಟ್ಟು ಅಲ್ಲೇ ಮುರಿಯುತ್ತದೆ. ಶಿರಸಿ, ಸಿದ್ದಾಪುರ ಕಡೆ ತೋಟದ ಮನೆಯಲ್ಲಿ ಬಿಡಾರ ಹೂಡಿದ್ದರೆ ತಾಡಪಾಲಿನ ಮೇಲೆ ಎರಡು ಪದರ ಅಡಿಕೆ ಸೋಗೆ ಹೊದೆಸಿ. ದುಬಾರಿ ಹಾಳೆಗಳಿಗಿಂತ ಅದು ಕಡಿಮೆಯೇನಲ್ಲ, ಬೇಡವಾದಾಗ ಕೊಟ್ಟಿಗೆಗೂ ಆಗುತ್ತದೆ.

ಗಾಳಿ

ಸಂದು ಬಿಗಿದಷ್ಟೂ ಪೆಟ್ಟಿಗೆ ಅಪಾಯಕಾರಿಯಾಗುತ್ತದೆ. ಸುಮಾರು ಎಂಟು ಘನಮೀಟರ್ ಜಾಗದಲ್ಲಿ ಮೂವರು ಒಂದು ತಾಸು ಕುಳಿತರೆ ಇಂಗಾಲದ ಡೈಆಕ್ಸೈಡ್ ಪ್ರಮಾಣ ಶೇಕಡ 1ರ ಹತ್ತಿರ ಬರುತ್ತದೆ. ತಲೆ ಭಾರವಾಗಿ, ಕಿವಿಯ ತೀರ್ಪು ಮಂಕಾಗುವುದಕ್ಕೆ ಅಷ್ಟು ಸಾಕು. ಗಾಳಿ ಬರಲೊಂದು, ಹೋಗಲೊಂದು ಎಂದು ಎರಡು ಪೆಟ್ಟಿಗೆ ನಳಿಗೆಗಳನ್ನು ಮಾಡಿ, ಪ್ರತಿಯೊಂದರಲ್ಲೂ ಎರಡು ಲಂಬಕೋನದ ತಿರುವು ಕೊಟ್ಟು, ಒಳಮೈಗೆ ಬಟ್ಟೆ ಹೊದಿಸಿದ ರಾಕ್‌ವೂಲ್ ಹಾಸಬೇಕು. ನಳಿಗೆ ಅಗಲವಾಗಿದ್ದು ಫ್ಯಾನ್ ನಿಧಾನವಾಗಿದ್ದರೆ ಸುಯ್ಯೆನ್ನುವ ಸದ್ದು ಬಾರದು. ಎ.ಸಿ.ಯನ್ನು ಮುದ್ರಣಕ್ಕೆ ಮೊದಲು ಓಡಿಸಿ ತಂಪು ಮಾಡಿಕೊಂಡು ನಿಲ್ಲಿಸುವುದೇ ಸರಿ.

ವಿದ್ಯುತ್ತು ಮತ್ತು ತಂತಿ

ಜನರೇಟರ್ ಬೇಡ. ಅದರ ಸದ್ದನ್ನು ದೂರವಿಟ್ಟರೂ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ನಿಮ್ಮ ಗಾಳಿನಳಿಗೆಯ ದಾರಿ ಹಿಡಿದೀತು. 12.8 ವೋಲ್ಟ್, 200 ಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 2,560 ವಾಟ್-ಅವರ್ ಶಕ್ತಿಯಿರುತ್ತದೆ. ಅದರಲ್ಲಿ ಶೇಕಡ 80ನ್ನು ಬಳಸಿದರೂ ಲ್ಯಾಪ್‌ಟಾಪ್, ಇಂಟರ್‌ಫೇಸ್ (ಮೈಕಿನ ಸಂಕೇತವನ್ನು ಲ್ಯಾಪ್‌ಟಾಪಿಗೆ ಒಯ್ಯುವ ಪೆಟ್ಟಿಗೆ), ಫ್ಯಾನ್, ದೀಪ ಸೇರಿ 180 ವಾಟ್ ಎಳೆದರೆ ಹನ್ನೊಂದು ತಾಸು ಬರುತ್ತದೆ. ರಾತ್ರಿ ಹತ್ತಕ್ಕೆ ಆರಂಭವಾದ ಯಕ್ಷಗಾನದ ಆಟ ಬೆಳಗಿನ ಜಾವ ಮುಗಿಯುವ ತನಕ ಅದು ಧಾರಾಳ. ಎ.ಸಿ.ಯನ್ನು ಇದರಿಂದ ಓಡಿಸಲು ಹೋಗಬೇಡಿ. ಇನ್ವರ್ಟರ್ ಶುದ್ಧ ಸೈನ್ ತರಂಗದ್ದೇ ಆಗಿರಲಿ. ಅಗ್ಗದ ಚೌಕ ತರಂಗದವು ಮುದ್ರಣದಲ್ಲಿ ಗುಂಯ್ಗುಡುತ್ತವೆ. ಮನೆಯ ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಅದನ್ನು ಈ ಪೆಟ್ಟಿಗೆಯೊಳಗೆ ಇಡಲೇಬಾರದು.

ಯಕ್ಷಗಾನದ ಮೈಕ್‌ಸೆಟ್ಟಿನಿಂದ ಸಂಕೇತ ತೆಗೆದುಕೊಳ್ಳುವಾಗ ಎರಡು ಕಡೆಯ ಅರ್ಥಿಂಗ್ ಕೂಡಿ 50 ಹರ್ಟ್ಸ್ ಗುಂಯ್‌ಗಾರ ಏಳುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಮೈಕ್ ಸ್ಪ್ಲಿಟರ್ (ಮೈಕಿನ ಸಂಕೇತವನ್ನು ಎರಡು ಕಡೆಗೆ ಹಂಚುವ ಪೆಟ್ಟಿಗೆ) ಇದಕ್ಕೆ ಮದ್ದು. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ ಗುಂಯ್‌ಗಾರ ನಿಲ್ಲಿಸುವ ಚಾಳಿ ಹಲವು ಕಡೆ ಇದೆ. ಮಳೆಯಲ್ಲಿ ಒದ್ದೆಯಾದ ಅಂಗಳದಲ್ಲಿ ಮೈಕ್ ಹಿಡಿದವರ ಜೀವಕ್ಕೆ ಅದು ಸಂಚಕಾರ. ಕೇಬಲ್ ಜೋಡಿಸುವ ಫಲಕವನ್ನು ಗಾಡಿಯ ಎಡಮಗ್ಗುಲಿಗೆ, ರಸ್ತೆಯಿಂದಾಚೆಯ ಬದಿಗೆ ಇಡಬೇಕು.

ಒಳಗಿನ ನಾದ, ಸಲಕರಣೆ

ಇಷ್ಟು ಮುಗಿದ ಮೇಲೆ ಫೋಮಿಗೆ ಕೆಲಸವಿದೆ, ಆದರೆ ಎಲ್ಲ ಗೋಡೆಗೂ ಅಲ್ಲ. ಒಳಪೆಟ್ಟಿಗೆಯ ಅಗಲ ಮತ್ತು ಎತ್ತರ ಹೆಚ್ಚುಕಡಿಮೆ ಒಂದೇ ಆಗಿ 100 ಹರ್ಟ್ಸ್ ಸುತ್ತಮುತ್ತ ನಾದ ಊದಿಕೊಳ್ಳುವುದರಿಂದ ಮೂಲೆಗಳಲ್ಲಿ 150 ಮಿ.ಮೀ. ದಪ್ಪ ರಾಕ್‌ವೂಲ್ ಕಂಬಗಳನ್ನು ನಿಲ್ಲಿಸಬೇಕು. ಅಷ್ಟಾದರೂ ಗುಮಟೆಯ ತಗ್ಗುನಾದವನ್ನು ತೂಗುವಾಗ ಸ್ಪೀಕರಿಗಿಂತ ಒಳ್ಳೆಯ ಹೆಡ್‌ಫೋನನ್ನೇ ನಂಬಿ.

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿದರೆ ಒಂದು ಟ್ರ್ಯಾಕಿಗೆ ತಾಸಿಗೆ 518 ಎಂಬಿ. ಹದಿನಾರು ಟ್ರ್ಯಾಕಿಗೆ ಎಂಟು ತಾಸಿನಲ್ಲಿ ಸುಮಾರು 66 ಜಿಬಿ. ಡಿಸ್ಕ್ ಫ್ಯಾಟ್32 ಎಂಬ ಕಡತ ಉಳಿಸುವ ವಿಧಾನದಲ್ಲಿದ್ದರೆ ಪ್ರತಿ ಕಡತ 4 ಜಿಬಿಗೆ ನಿಲ್ಲುತ್ತದೆ, ಹಾಗಾಗಿ ಮೊದಲೇ ಪರೀಕ್ಷಿಸಿ, ಎರಡು ಡಿಸ್ಕುಗಳಲ್ಲಿ ಒಟ್ಟಿಗೆ ಬರೆಸಿ. ಮುದ್ರಣದ ಮಟ್ಟವನ್ನು ಭಾಗವತರ ಪದಕ್ಕೆ ಹೊಂದಿಸಬೇಡಿ, ಚೆಂಡೆಯ ಜೋರಿನ ಹೊಡೆತಕ್ಕೆ ಹೊಂದಿಸಿ. ಕಂಡೆನ್ಸರ್ ಮೈಕುಗಳು ತೇವಕ್ಕೆ ಚಟಪಟ ಎನ್ನುವುದರಿಂದ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿರಲಿ. ಜೆಲ್ಲಿನ ಬಣ್ಣ ತಿರುಗಿದಾಗ ಒಲೆಯ ಪಕ್ಕ ಒಣಗಿಸಿಕೊಳ್ಳಬಹುದು.

ಪ್ರತಿ ವರ್ಷ ಮೇ ಕೊನೆಯೊಳಗೆ ಬಾಗಿಲಿನ ಗ್ಯಾಸ್ಕೆಟ್ ತೊಳೆದು, ಕೆಳಮೂಲೆಯ ರಂಧ್ರಗಳ ಕಸ ತೆಗೆದು, ಚಾಸಿಗೆ ತುಕ್ಕುನಿರೋಧಕ ಬಳಿಸಬೇಕು. ಕಡಲ ದಂಡೆಯಲ್ಲಿ ನಿಲ್ಲಿಸಿದ ದಿನಗಳಲ್ಲಿ ಹೊರಮೈಯನ್ನು ಸಿಹಿನೀರಿನಿಂದ ಅದೇ ಸಂಜೆ ತೊಳೆಯುವುದು ಒಳ್ಳೆಯದು.